‘ಹೇಳ್ರಿ’ ಎಂದದ್ದು ನಾನಲ್ಲ

ಕಳೆದ ವಾರ ಮಿಕ್ಸರ್ ಕೆಟ್ಟಿತೆಂದು ಅದರ ಕಂಪನಿಯ ಸೇವಾ ಕೇಂದ್ರಕ್ಕೆ ಫೋನ್ ಮಾಡಿದೆ. ಒಬ್ಬ ಹೆಂಗಸು ಬಹಳ ನಯವಾಗಿ ಸ್ವಾಗತ ಹೇಳಿದಳು. ಕನ್ನಡಕ್ಕೆ ಎರಡು ಒತ್ತಿ ಅಂದಳು, ಒತ್ತಿದೆ. ದೂರಿಗೆ ಮೂರು ಒತ್ತಿ ಅಂದಳು, ಅದನ್ನೂ ಒತ್ತಿದೆ. ನನ್ನ ಕರೆ ತಮಗೆ ಬಹಳ ಮುಖ್ಯವೆಂದು ಹೇಳಿ ಮಾಯವಾದಳು. ಅವಳ ಜಾಗದಲ್ಲಿ ಕೊಳಲಿನ ಒಂದು ತುಣುಕು ಶುರುವಾಯಿತು. ಕೇಳಿದ ಕೂಡಲೇ ಗುರುತು ಹತ್ತಿತು. ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿನ ಫೋನಿಗೂ ಇದೇ ತುಣುಕನ್ನು ಹಾಕಿದ್ದರು. ಮಿಕ್ಸರಿನ ಮಾತು ಮರೆತು ಫೋನ್ ಕೆಳಗಿಟ್ಟೆ.

“ಯಾಕ, ಯಾರೂ ಸಿಗಲಿಲ್ಲೇನು?” ಅಂದರು ನಮ್ಮ ಮನೆಯವರು.

“ನಾನ ಸಿಕ್ಕೆ” ಅಂದೆ.

ಅವರು ನಕ್ಕು ಮತ್ತೆ ಪೇಪರ್ ಹಿಡಿದರು. ಆ ಬೇಸಿಗೆಯ ಕತೆ ಅವರಿಗೆ ಗೊತ್ತು. ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲವೂ ಮೊದಲ ದಿನದಷ್ಟೇ ಸಿಟ್ಟಿನಿಂದ ಹೇಳಿದ್ದೇನೆ. ವರ್ಷ ಕಳೆದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನ್ನದು ಇನ್ನೂ ಇಳಿದಿಲ್ಲ.

ನಾನು ಕೆಲಸ ಮಾಡುವುದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಒಂದು ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ. ಭತ್ತ ಕೊಯ್ಯುವ ದೊಡ್ಡ ಯಂತ್ರಗಳನ್ನು ಬಾಡಿಗೆಗೆ ಕಳಿಸುವ ವ್ಯವಹಾರ ನಮ್ಮದು. ಯಂತ್ರಗಳು ನಿಲ್ಲುವುದು ಸಿರುಗುಪ್ಪದ ಯಾರ್ಡಿನಲ್ಲಿ ಮತ್ತು ಕುರುಗೋಡಿನ ಯಾರ್ಡಿನಲ್ಲಿ. ಆದರೆ ಯಾವ ಯಂತ್ರ ಯಾವ ಹೊಲಕ್ಕೆ ಯಾವ ದಿನ ಹೋಗಬೇಕೆಂದು ತೀರ್ಮಾನವಾಗುವುದು ನನ್ನ ಮೇಜಿನ ಮೇಲೆ. ಯಾರ್ಡಿನವರು ಸುಗ್ಗಿಯಲ್ಲಿ ಯಾರ್ಡಿನಲ್ಲಿ ಎಲ್ಲಿರುತ್ತಾರೆ? ಅವರೆಲ್ಲ ಹೊಲದಲ್ಲಿ. ಹಾಗಾಗಿ ರೈತರು ಫೋನ್ ಮಾಡುವುದು ಬಳ್ಳಾರಿಗೆ. ಎತ್ತುವವಳು ನಾನು, ಸುಧಾ. ಅವರ ಬಾಯಲ್ಲಿ ಸುಧಕ್ಕ.

ನಮ್ಮ ಕಡೆಯವರು ಫೋನಿನಲ್ಲಿ ಮಾತಾಡುವ ಕ್ರಮ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾತಾಡಿದಷ್ಟೂ ದುಡ್ಡು ಹೋಗುತ್ತಿದ್ದ ಕಾಲದಲ್ಲಿ ಕಲಿತ ಕ್ರಮ ಅದು, ದುಡ್ಡು ಹೋಗುವುದು ನಿಂತರೂ ಕ್ರಮ ನಿಂತಿಲ್ಲ. ನಾನು ಫೋನ್ ಎತ್ತಿ “ನಮಸ್ಕಾರ್ರಿ, ನಾನು ಸುಧಾ, ಹೇಳ್ರಿ” ಅನ್ನಬೇಕು. ಆ ‘ಹೇಳ್ರಿ’ ಕಿವಿಗೆ ಬಿದ್ದದ್ದೇ ತಡ, ಅತ್ತಲಿನವರು ಊರು, ಹೆಸರು, ಹೊಲ ಎಲ್ಲಿದೆ, ಎಷ್ಟು ಎಕರೆ, ಲಾರಿ ಯಾವ ದಾರಿಯಲ್ಲಿ ಬರಬೇಕು ಎಂಬುದನ್ನೆಲ್ಲ ಒಂದೇ ಉಸಿರಿಗೆ ಕೂಗಿ ಹೇಳಿ ಇಟ್ಟುಬಿಡುತ್ತಾರೆ. ಸರಿ, ಆಯಿತು, ಇಡಲಾ ಎಂಬ ಮಾತೇ ಇಲ್ಲ. ನಾನು ಹೂಂ ಅನ್ನುವವರೆಗೂ ಕಾಯುವುದಿಲ್ಲ. ಸುಧಕ್ಕ ‘ಹೇಳ್ರಿ’ ಅಂದಳು, ನಾನು ಹೇಳಿದೆ, ಇನ್ನು ಯಂತ್ರ ಬರುತ್ತದೆ, ಇಷ್ಟೇ ಅವರ ಲೆಕ್ಕಾಚಾರ. ಅದು ಎಂದೂ ತಪ್ಪಿರಲಿಲ್ಲ.

ರಾರಾವಿಯ ಈರಮ್ಮ ಹಾಗೆ ಮಾತಾಡುವವರ ಪೈಕಿಯೇ. ಆದರೆ ಆಕೆ ಹೊಲದ ಸುದ್ದಿ ಮುಗಿಸಿದ ಮೇಲೆ ತನ್ನ ಸುದ್ದಿಯನ್ನೂ ಒಂದಿಷ್ಟು ಹೇಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆಕೆಯ ಹೊಲವನ್ನು ಮೈದುನ ತಿಮ್ಮಪ್ಪ ಮಾಡುತ್ತಿದ್ದ. ಮಾಡುತ್ತಾ ಮಾಡುತ್ತಾ ಅದು ತನ್ನದೇ ಅನ್ನುವ ಹಾಗೆ ನಡೆದುಕೊಂಡ. ಹಿಂದಿನ ವರ್ಷ ಈರಮ್ಮ ಊರ ಹಿರಿಯರನ್ನು ಕೂಡಿಸಿ ತನ್ನ ಹೊಲ ತನಗೆ ಬೇಕೆಂದಳು. ಬಿತ್ತೋದು ಹೋಗಲಿ, ಕೊಯ್ಯೋ ಕಾಲಕ್ಕೆ ಒಂದು ಮಿಷನ್ ತರಿಸಾಕಾದರೂ ಬರ್ತದೇನು ಈಕಿಗೆ ಎಂದು ತಿಮ್ಮಪ್ಪ ನಕ್ಕನಂತೆ. ವರ್ಷದ ಎರಡೂ ಬೆಳೆ ತೆಗೆದು ತೋರಿಸುತ್ತೇನೆ, ಆಗದಿದ್ದರೆ ಹೊಲ ನೀನೇ ಇಟ್ಟುಕೋ ಎಂದು ಈರಮ್ಮ ಎಲ್ಲರೆದುರು ಹೇಳಿಬಿಟ್ಟಳು. ಮೊದಲನೆಯ ಬೆಳೆಗೆ ನಮ್ಮ ಯಂತ್ರವೇ ಹೋಯಿತು, ಕೆಲಸ ಸಲೀಸಾಯಿತು. ಇನ್ನು ಉಳಿದದ್ದು ಬೇಸಿಗೆಯ ಬೆಳೆ.

ಆ ಬೇಸಿಗೆಯಲ್ಲೇ ನಮ್ಮ ಮಾಲೀಕರಿಗೆ ಇಂಟರ್‌ನೆಟ್ ಫೋನಿನ ಹುಚ್ಚು ಹತ್ತಿದ್ದು.

ಮಾಲೀಕರು ಕೋಟೇಶ್ವರರಾವ್. ಅವರ ತಂದೆಯ ಕಾಲದಲ್ಲಿ ಆಂಧ್ರದ ಕಡೆಯಿಂದ ಬಂದು ಸಿರುಗುಪ್ಪದ ಕ್ಯಾಂಪಿನಲ್ಲಿ, ಅಂದರೆ ವಲಸೆ ಬಂದ ರೈತರ ಕೇರಿಯಲ್ಲಿ, ನೆಲೆಸಿದ ಮನೆತನ. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವುದು ಅವರ ಪದ್ಧತಿ. ಒಳ್ಳೆಯವರು, ಆದರೆ ಹೊಸದೇನಾದರೂ ಕಂಡರೆ ತಡೆದುಕೊಳ್ಳಲಾರರು. ಹೈದರಾಬಾದಿನ ನೆಂಟರ ಆಫೀಸಿನಲ್ಲಿ ಒಂದೇ ನಂಬರಿಗೆ ಫೋನ್ ಮಾಡಿದರೆ ಬೇಕಾದ ಊರಿನ ಶಾಖೆಗೆ ಕರೆ ಹೋಗುವುದನ್ನು ನೋಡಿ ಬಂದಿದ್ದರು. ನಮ್ಮ ಹಳೆಯ ಲ್ಯಾಂಡ್‌ಲೈನೂ ಅವರ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಬ್ರೂಸ್‌ಪೇಟೆಯಲ್ಲಿ ಚರಂಡಿಗೆಂದು, ಪೈಪಿಗೆಂದು ಯಾರಾದರೂ ರಸ್ತೆ ಅಗೆಯುತ್ತಲೇ ಇರುತ್ತಾರೆ, ಅಗೆದಾಗಲೆಲ್ಲ ನಮ್ಮ ತಂತಿ ಹರಿಯುತ್ತಿತ್ತು. ಫೋನು ಬದಲಾಗಬೇಕೆಂಬುದಕ್ಕೆ ನನ್ನದೂ ಒಪ್ಪಿಗೆ ಇತ್ತು. ಆಮೇಲಿನದಕ್ಕೆ ಯಾರೂ ನನ್ನ ಒಪ್ಪಿಗೆ ಕೇಳಲಿಲ್ಲ.

ಇಂಟರ್‌ನೆಟ್ ಫೋನಿನ ಕಂಪನಿಯ ಪರವಾಗಿ ಬಂದವರು ಕಿರಣ್ ಎಂಬುವರು. ಕತ್ತಿಗೆ ಗುರುತಿನ ಚೀಟಿ, ಹೆಗಲಿಗೆ ಲ್ಯಾಪ್‌ಟಾಪು, ಮುಖದಲ್ಲಿ ಸದಾ ನಗು. ಗೋಡೆಯ ಮೇಲಿರುವ ನಮ್ಮ ಹಳೆಯ ಟೆಲಿಫೋನ್ ಡಬ್ಬಿ ಹಾಗೇ ಇರಲಿ, ಮೇಜಿನ ಮೇಲಿನ ಫೋನುಗಳೂ ಅವೇ ಇರಲಿ, ನಡುವೆ ಒಂದು ಸಣ್ಣ ಪೆಟ್ಟಿಗೆ ಕೂರಿಸಿ ಅದನ್ನು ಇಂಟರ್‌ನೆಟ್ಟಿಗೆ ಸೇರಿಸಿದರೆ ಮುಗಿಯಿತು ಅಂದರು. ಕಂಪನಿಯವರು ಒಂದು ಬಳಕೆದಾರರ ಹೆಸರು, ಒಂದು ಪಾಸ್‌ವರ್ಡ್ ಕೊಡುತ್ತಾರೆ. ಅದನ್ನು ಪೆಟ್ಟಿಗೆಗೆ ತುಂಬಿದರೆ ಅತ್ತಲಿನ ಯಂತ್ರ ಇತ್ತಲಿನ ಯಂತ್ರದ ಗುರುತು ಹಿಡಿಯುತ್ತದೆ. ಹಳೆಯ ನಂಬರಿಗೆ ಬಂದ ಕರೆಯೆಲ್ಲ ತಾನಾಗಿ ಹೊಸದಕ್ಕೆ ಬರುತ್ತದೆ. ಒಂದು ಬೆಳಿಗ್ಗೆಯ ಕೆಲಸ ಮೇಡಂ, ಅಂದರು. ಆ ಬೆಳಿಗ್ಗೆ ಹತ್ತಿರ ಹತ್ತಿರ ಎರಡು ವಾರ ನಡೆಯಿತು.

ಮೊದಲು ಗುರುತೇ ಹಿಡಿಯಲಿಲ್ಲ. ಹಿಡಿದ ಮೇಲೆ ಗಳಿಗೆಗೊಮ್ಮೆ ಮರೆಯಿತು. ಅದೂ ಸರಿಯಾಯಿತು ಅನ್ನುವಷ್ಟರಲ್ಲಿ ಹೊಸ ಪೀಡೆ ಅಂಟಿಕೊಂಡಿತು. ಫೋನ್ ಮಾಡಿದವರು ಮಾತಾಡಿದ್ದು ನನಗೆ ಕೇಳುತ್ತಿತ್ತು, ನಾನು ಮಾತಾಡಿದ್ದು ಅವರಿಗೆ ಕೇಳುತ್ತಿರಲಿಲ್ಲ. “ಹಲೋ, ಹಲೋ, ಸುಧಕ್ಕಾ” ಎಂದು ಅವರು, “ಕೇಳಾಕತ್ತೈತ್ರಿ, ಹೇಳ್ರಿ” ಎಂದು ನಾನು. ನನ್ನ ಕೂಗಿಗೆ ಕೆಳಗಿನ ಬೀಜದ ಅಂಗಡಿಯವರು ಎರಡು ಸಲ ಮೆಟ್ಟಿಲು ಹತ್ತಿ ಬಂದು ಏನಾಯಿತೆಂದು ವಿಚಾರಿಸಿದರು. ಬೀದಿಗೆಲ್ಲ ಕೇಳಿಸುವ ನನ್ನ ದನಿ ಆ ಒಂದು ತಂತಿಯೊಳಗೆ ಮಾತ್ರ ಇಳಿಯಲೊಲ್ಲದು.

ಕಂಪನಿಯ ಸಹಾಯವಾಣಿಗೆ ಹೇಳಿದರೆ ನಮ್ಮ ಕಡೆಯಿಂದ ಎಲ್ಲ ಸರಿಯಿದೆ, ನಿಮ್ಮ ಇಂಟರ್‌ನೆಟ್ ನೋಡಿಸಿ ಅಂದರು. ಇಂಟರ್‌ನೆಟ್ಟಿನವನು ಬಂದು ತನ್ನ ಮೊಬೈಲಿನಲ್ಲಿ ವೇಗ ಅಳೆದು, ಹಳೆಯ ಡಬ್ಬಿಯದೇ ದೋಷ ಅಂದ. ಹಳೆಯ ಡಬ್ಬಿಯವನು ಬಂದು ಮುಚ್ಚಳ ತೆಗೆದು, ದೂಳು ಊದಿ, ಇದು ಆ ಫೋನ್ ಕಂಪನಿಯವರದೇ ಕಿತಾಪತಿ ಅಂದ. ಮೂವರೂ ಬಂದು ಹೋಗುವುದನ್ನು ನೋಡಿಕೊಳ್ಳುವುದು, ಮೂವರಿಗೂ ಚಹಾ ತರಿಸುವುದು ನನ್ನ ಕೆಲಸವಾಯಿತು. ಸಹಾಯವಾಣಿಯಲ್ಲಿ ಪ್ರತಿ ಸಲವೂ ಬೇರೆಯವರು ಸಿಗುತ್ತಿದ್ದರು, ಪ್ರತಿಯೊಬ್ಬರಿಗೂ ಕತೆಯನ್ನು ಮೊದಲಿನಿಂದ ಹೇಳಬೇಕು. ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ಸ್ವಿಚ್ ಆಫ್ ಮಾಡಿ ಆನ್ ಮಾಡಿದಿರಾ? ಬಳ್ಳಾರಿಯ ಏಪ್ರಿಲ್ ತಿಂಗಳಿನಲ್ಲಿ ಅದನ್ನು ನಾವು ಮಾಡಬೇಕಾಗಿಯೇ ಇರಲಿಲ್ಲ. ವಿದ್ಯುತ್ತಿನವರು ದಿನಾ ತಾವೇ ಮಾಡಿಕೊಡುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಮೊಬೈಲಿಗೆ ಸಂದೇಶ ಬಂತು, ನಿಮ್ಮ ಸಮಸ್ಯೆ ಪರಿಹಾರವಾಗಿದ್ದಕ್ಕೆ ಅಭಿನಂದನೆಗಳು ಎಂದು. ಅದೇ ಹೊತ್ತಿಗೆ ಮೇಜಿನ ಫೋನಿನಲ್ಲಿ ಯಾರೋ ಹಲೋ ಹಲೋ ಎಂದು ಅರಚುತ್ತಿದ್ದರು.

ಕೊನೆಗೆ ಕಿರಣ್ ಒಂದಿಡೀ ದಿನ ಕೂತು ಕಂಡುಹಿಡಿದರು. ಇಂಟರ್‌ನೆಟ್ ಪೆಟ್ಟಿಗೆಯೊಳಗೆ ಇಂಥ ಫೋನಿಗೆ ನೆರವಾಗಲೆಂದೇ ಒಂದು ಸೌಲಭ್ಯ ಇರುತ್ತದಂತೆ. ಅದು ನೆರವಾಗಲು ಹೋಗಿ ಮಾತನ್ನು ದಾರಿ ತಪ್ಪಿಸುತ್ತಿತ್ತಂತೆ. ಅದನ್ನು ಆರಿಸಿದರು, ನನ್ನ ದನಿ ಅತ್ತ ಕೇಳಿತು. ನೆರವು ನಿಂತ ಮೇಲೆ ಕೆಲಸವಾಗುವುದು ನಮ್ಮ ಮನೆಗಳಲ್ಲೂ ಉಂಟು, ಅದಕ್ಕೆ ನಾನು ಹೆಚ್ಚು ಆಶ್ಚರ್ಯಪಡಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ರಾವ್ ಅವರಿಗೆ ಹೈದರಾಬಾದಿನಲ್ಲಿ ಕೇಳಿದ ಸ್ವಾಗತದ ದನಿ ಬೇಕಿತ್ತು. ಸಿರುಗುಪ್ಪಕ್ಕೆ ಒಂದು ಒತ್ತಿ, ಕುರುಗೋಡಿಗೆ ಎರಡು ಒತ್ತಿ, ಬಳ್ಳಾರಿಗೆ ಮೂರು ಒತ್ತಿ. ಕಂಪನಿಯವರು ಕಳಿಸಿದ ಮಾದರಿಯಲ್ಲಿ ಒಬ್ಬಾಕೆ ಕುರುಗೋಡನ್ನು ಯಾವುದೋ ವಿದೇಶಿ ಊರಿನಂತೆ ಉಚ್ಚರಿಸಿದ್ದಳು. ರಾವ್ ಮುಖ ಸಿಂಡರಿಸಿ ನನ್ನ ಕಡೆ ತಿರುಗಿದರು. “ಸುಧಮ್ಮಾ, ನೀ ಗೊಂತು ಬಾಗುಂಟುಂದಿ” ಅಂದರು, ನಿನ್ನ ದನಿ ಚೆನ್ನಾಗಿರುತ್ತದೆ ಎಂದು. ಹಾಡಲು ಕರೆದರೇನೋ ಎಂಬಂತೆ ಒಂದು ಕ್ಷಣ ನಾನೂ ಉಬ್ಬಿದೆ.

ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿ, ಸದ್ದಾಗುತ್ತದೆಂದು ಫ್ಯಾನ್ ಆರಿಸಿ ನನ್ನನ್ನು ಕೂರಿಸಿದರು. ಆ ಸೆಕೆಯಲ್ಲಿ ಕಂಪನಿಯವರು ಬರೆದುಕೊಟ್ಟ ವಾಕ್ಯಗಳನ್ನು ಓದಿದೆ. ಓದಿದಾಗಲೆಲ್ಲ ಶಾಲೆಯ ಪ್ರತಿಜ್ಞೆಯಂತೆ ಕೇಳುತ್ತದೆ ಎಂದು ರಾವ್ ತಕರಾರು ತೆಗೆದರು. ದಿನಾ ಹೆಂಗ ಮಾತಾಡ್ತಿ ಹಂಗ ಮಾತಾಡಮ್ಮ, ನಮ್ಮ ರೈತರಿಗೆ ಅದೇ ಹಿತ, ಅಂದರು. ಬೆವರು ಒರೆಸಿಕೊಂಡು ದಿನಾ ಹೇಳುವ ಹಾಗೆ, “ನಮಸ್ಕಾರ್ರಿ, ನಾನು ಸುಧಾ, ಹೇಳ್ರಿ” ಅಂದೆ. ಉಸಿರು ತೆಗೆದುಕೊಳ್ಳಲು ನಿಂತೆ. ಆಮೇಲೆ ಒಂದು ಒತ್ತಿ, ಎರಡು ಒತ್ತಿ, ಮೂರು ಒತ್ತಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಮುಗಿಸಿದೆ. ಬಹಳ ಸಹಜವಾಗಿದೆ ಮೇಡಂ, ಅಂದರು ಕಿರಣ್. ಇದೇ ಇರಲಿ ಅಂದರು ರಾವ್.

ಮರುದಿನದಿಂದ ಆಫೀಸು ತಣ್ಣಗಾಯಿತು. ಬೇಸಿಗೆಯ ಭತ್ತ ಬಲಿತು ನಿಂತ ಕಾಲ, ಬೇರೆ ವರ್ಷ ಇಷ್ಟು ಹೊತ್ತಿಗೆ ನನ್ನ ಕಿವಿ ಬಿಸಿಯಾಗಿ ಕೆಂಪೇರಿರುತ್ತಿತ್ತು. ಈಗ ಆಗೊಮ್ಮೆ ಈಗೊಮ್ಮೆ ಒಂದು ಕರೆ, ಅದೂ ಅಂಗಡಿಯವರದು, ಬಿಡಿಭಾಗ ಮಾರುವವರದು. ಊಟದ ಡಬ್ಬಿಯನ್ನು ಬಿಸಿ ಇರುವಾಗಲೇ ಬಿಚ್ಚಿ ಪೂರ್ತಿ ಉಂಡೆ. ಎಲ್ಲೋ ಏನೋ ಸರಿಯಿಲ್ಲ ಎಂದು ರಾವ್ ಅವರಿಗೆ ಹೇಳಿದರೆ, ಅವರು ಮೊಬೈಲಿನಲ್ಲಿ ಕಂಪನಿಯ ವರದಿ ತೆರೆದು ತೋರಿಸಿದರು. ಬಂದ ಕರೆಗಳೆಲ್ಲ ಸ್ವೀಕೃತ, ತಪ್ಪಿದ ಕರೆ ಒಂದೂ ಇಲ್ಲ, ಹಸಿರು ಬಣ್ಣದ ಒಂದು ಚೆಂದದ ವೃತ್ತ. ಹೊರಗಿನಿಂದ ಬಂದ ಯಂತ್ರದವರು ಬಾಡಿಗೆ ಇಳಿಸಿ ನಮ್ಮ ರೈತರನ್ನು ಎಳೆದುಕೊಳ್ಳುತ್ತಿದ್ದಾರೆ ಎಂದು ಅವರೇ ಕಾರಣವನ್ನೂ ಕೊಟ್ಟರು. ಅಷ್ಟು ಕರೆ ಬಂದಿದ್ದರೆ ನನ್ನ ಫೋನ್ ಯಾಕೆ ರಿಂಗಾಗಲಿಲ್ಲ ಎಂದು ಕೇಳಿದೆ. ಒಂದು ಒತ್ತಿದವರು ಸಿರುಗುಪ್ಪಕ್ಕೆ ಹೋಗಿರಬೇಕು, ಎರಡು ಒತ್ತಿದವರು ಕುರುಗೋಡಿಗೆ ಹೋಗಿರಬೇಕು ಅಂದರು. ಸರಿಯಾಗಿಯೇ ಕಂಡಿತು.

ಆ ವಾರದ ಕೊನೆಗೆ ಸಿರುಗುಪ್ಪ ಯಾರ್ಡಿನ ಹುಸೇನಸಾಬರು ನನ್ನ ಸ್ವಂತ ಮೊಬೈಲಿಗೆ ಫೋನ್ ಮಾಡಿದರು. ಯಂತ್ರಗಳ ಉಸ್ತುವಾರಿ ಅವರದು, ಮಾತು ಕಡಿಮೆ, ಬೈಗುಳ ಇನ್ನೂ ಕಡಿಮೆ. ಅಂದು ಮಾತ್ರ ಅವರ ದನಿ ಬಿಗಿಯಾಗಿತ್ತು.

“ಅಕ್ಕಾರ, ರಾರಾವ್ಯಾಗ ನಿಮ್ಮನ್ನ ಬೈಯಾಕತ್ತಾರ. ಹೇಳ್ರಿ ಅಂತ ಹೇಳಿಸಿಕೊಂಡು ಮಿಷನ್ ಕಳಿಸಿಲ್ಲಂತ.”

ನಾನು ಯಾರ ಹತ್ತಿರವೂ ಹೇಳಿಸಿಕೊಂಡಿಲ್ಲ ಎಂದೆ. ಈರಮ್ಮನ ಹೊಲದಲ್ಲಿ ತೆನೆ ಬಾಗಿ ನಿಂತಿದೆ, ಮೇಲೆ ಮೋಡ, ನೀವೇ ಬಂದು ನೋಡಿ ಎಂದರು. ರಾವ್ ಅವರಿಗೆ ಒಂದು ಮಾತು ಹೇಳಿ ಬಸ್ಸು ಹತ್ತಿದೆ. ಸಿರುಗುಪ್ಪದಲ್ಲಿ ಇಳಿದು ಹುಸೇನಸಾಬರ ಬೈಕಿನ ಹಿಂದೆ ಕೂತೆ. ದಾರಿಯುದ್ದಕ್ಕೂ ಕೊಯ್ದ ಹೊಲದ ಹುಲ್ಲಿನ ದೂಳು, ಬಾಯೊಳಗೆಲ್ಲ ಅದರದೇ ರುಚಿ. ನದಿಯ ಆಚೆ ಮೋಡ ಕಪ್ಪಗೆ ಕಟ್ಟುತ್ತಿತ್ತು. ಗಾಳಿ ಮಾತ್ರ ಇನ್ನೂ ಎದ್ದಿರಲಿಲ್ಲ.

ಈರಮ್ಮ ಬದುವಿನ ಮೇಲೆ ನಿಂತಿದ್ದಳು. ಕುಳ್ಳಗೆ, ಗಟ್ಟಿಯಾಗಿ, ತಲೆಯ ಮೇಲೆ ಟವೆಲ್ ಸುತ್ತಿಕೊಂಡು. ಪಕ್ಕದ ಹೊಲ ಕೊಯ್ದಾಗಿತ್ತು, ಅದರಾಚೆಯದೂ ಆಗಿತ್ತು. ಆಕೆಯದೊಂದೇ ಹೊಂಬಣ್ಣಕ್ಕೆ ತಿರುಗಿ ನಿಂತಿತ್ತು. ಸ್ವಲ್ಪ ದೂರದಲ್ಲಿ ಬೇವಿನ ಮರದ ಕೆಳಗೆ ತಿಮ್ಮಪ್ಪ ಕೂತು ಬೀಡಿ ಸೇದುತ್ತಿದ್ದ. ಆತ ಅಲ್ಲಿಗೆ ಯಾಕೆ ಬಂದು ಕೂತಿದ್ದಾನೆಂದು ಯಾರೂ ಹೇಳಬೇಕಾಗಿರಲಿಲ್ಲ.

“ಫೋನ್ ಯಾಕ ಮಾಡಲಿಲ್ರಿ ಈರಮ್ಮಾರ?” ಅಂದೆ. ನನ್ನ ದನಿಯಲ್ಲೂ ಸ್ವಲ್ಪ ಆಕ್ಷೇಪವಿತ್ತು, ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ.

“ಮಾಡಲಿಲ್ಲಾ? ದಿನಾ ಮಾಡೀನಿ. ನೀನ ಎತ್ತಿದಿ. ಹೇಳ್ರಿ ಅಂದಿ, ಹೇಳೀನಿ.”

“ನಾನು ಎತ್ತಿಲ್ರಿ.”

“ನಿನ್ನ ದನಿ ನನಗ ಗೊತ್ತಾಗಂಗಿಲ್ಲೇನು ಸುಧಕ್ಕಾ?”

ವಾದ ಮಾಡುವುದು ಆಕೆಯ ಸ್ವಭಾವವಲ್ಲ. ಸೊಂಟದ ಚೀಲದಿಂದ ಫೋನ್ ತೆಗೆದು, ಗುಂಡಿಗಳನ್ನು ಒಂದೊಂದಾಗಿ ಒತ್ತಿ, ಕಿವಿಗೆ ಹಿಡಿದಳು. ಗಾಳಿಯಲ್ಲಿ ಕೇಳಲೆಂದು ಆ ಫೋನಿನ ದನಿಯನ್ನು ಪೂರ್ತಿ ಏರಿಸಿಟ್ಟಿದ್ದಳು, ಹಾಗಾಗಿ ಬದುವಿನ ಮೇಲೆ ನಿಂತ ನಮಗೆಲ್ಲ ಕೇಳಿಸಿತು.

“ನಮಸ್ಕಾರ್ರಿ, ನಾನು ಸುಧಾ, ಹೇಳ್ರಿ.”

ಈರಮ್ಮ ಅಭ್ಯಾಸಬಲದಿಂದ, ಅತ್ತಲಿನ ಮಾತಿಗೆ ಕಿವಿಗೊಡದೆ, ಕೂಡಲೇ ಶುರು ಮಾಡಿದಳು. “ಸುಧಕ್ಕಾ, ನಾನು ರಾರಾವಿ ಈರಮ್ಮ, ನೆಲ್ಲು ಬಂದು ನಿಂತೈತಿ, ಮೋಡ ಕಟ್ಟಾಕತ್ತೈತಿ...” ಅನ್ನುತ್ತ ಅನ್ನುತ್ತ ನನ್ನ ಮುಖ ನೋಡಿದಳು. ನಾನು ಎದುರಿಗೇ ನಿಂತಿದ್ದೆ, ಬಾಯಿ ಮುಚ್ಚಿಕೊಂಡು. ಫೋನಿನೊಳಗಿನ ನಾನು ಮಾತ್ರ ಸಿರುಗುಪ್ಪಕ್ಕೆ ಒಂದು ಒತ್ತಿ, ಕುರುಗೋಡಿಗೆ ಎರಡು ಒತ್ತಿ ಎಂದು ನಯವಾಗಿ ಹೇಳುತ್ತಲೇ ಇದ್ದೆ. ಈರಮ್ಮನ ಮಾತು ನಿಂತಿತು. ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿದಳು, ಮತ್ತೆ ನನ್ನ ಬಾಯಿ ನೋಡಿದಳು. ಆ ದನಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ ಅಂದಿತು, ಯಾರೂ ಏನೂ ಒತ್ತದ್ದರಿಂದ ಕೊಳಲಿನ ತುಣುಕು ನುಡಿಸಿ, ಧನ್ಯವಾದ ಹೇಳಿ ಕಡಿದುಕೊಂಡಿತು.

“ಹಂಗಾರ ಇಷ್ಟು ದಿನ ನಾನು ಯಾರಿಗೆ ಹೇಳಿಕೊಂಡೆ?” ಅಂದಳು.

ನನಗೆ ನಾಚಿಕೆಯಾಯಿತು. ಆಮೇಲೆ ಆಕೆಯೇ ಹೇಳಿದಳು, ಯಂತ್ರ ಬೇಕೆಂಬುದನ್ನಷ್ಟೇ ಆ ಫೋನಿಗೆ ಹೇಳಿಕೊಂಡಿರಲಿಲ್ಲ. ಮೈದುನ ದಿನಾ ಬಂದು ಮರದ ಕೆಳಗೆ ಕೂಡುತ್ತಾನೆ, ನಗುತ್ತಾನೆ, ಎದೆ ಡವಗುಟ್ಟುತ್ತದೆ, ನೀನು ಕಳಿಸ್ತಿ ಅಂತ ಧೈರ್ಯದಿಂದ ಅದೀನಿ, ಇದೆಲ್ಲವನ್ನೂ ದಿನಾ ಹೇಳಿಕೊಂಡಿದ್ದಳು. ‘ಹೇಳ್ರಿ’ ಅಂದದ್ದೇ ಒಪ್ಪಿಗೆ ಎಂದು ನಂಬಿ ಬದುವಿನ ಮೇಲೆ ಕಾದಿದ್ದಳು. ಆಕೆಯೊಬ್ಬಳೇ ಅಲ್ಲ, ಆ ವಾರ ಫೋನ್ ಮಾಡಿದ ಎಷ್ಟೋ ಮಂದಿ ಹೀಗೇ ಹೇಳಿ, ಇಟ್ಟು, ಕಾದಿದ್ದರು. ಕಾದು ಕಾದು ಬೇಸತ್ತವರು ಬೇರೆ ಯಂತ್ರದವರನ್ನು ಹಿಡಿದು ಕೆಲಸ ಮುಗಿಸಿಕೊಂಡರು. ಈರಮ್ಮ ಮಾತ್ರ, ಸುಧಕ್ಕ ಮಾತು ಕೊಟ್ಟಿದ್ದಾಳೆ ಎಂದು ಬೇರೆಯವರ ಹತ್ತಿರ ಹೋಗಿರಲಿಲ್ಲ.

ಆ ಬದುವಿನ ಮೇಲೆ ನಿಂತೇ ಕುರುಗೋಡಿನ ಯಾರ್ಡಿನ ಬಸವರಾಜನ ಮೊಬೈಲಿಗೆ ಫೋನ್ ಮಾಡಿದೆ. ಸಿರುಗುಪ್ಪದ ಯಂತ್ರಗಳೆಲ್ಲ ದೂರದ ಹೊಲಗಳಲ್ಲಿದ್ದವು. ಕುರುಗೋಡಿನಲ್ಲಿ ಚೈನಿನ ಯಂತ್ರವೊಂದು ಬೇಡಿಕೆಯಿಲ್ಲವೆಂದು ಸುಮ್ಮನೆ ನಿಂತಿತ್ತು. ಟೈರಿನ ಬದಲು ಉಕ್ಕಿನ ಪಟ್ಟಿಯ ಮೇಲೆ ನಡೆಯುವ ಯಂತ್ರ, ಹಸಿ ನೆಲದಲ್ಲೂ ಹೂತುಕೊಳ್ಳದೆ ಹೋಗುತ್ತದೆ. ಇದ್ದ ಹಾಗೇ ಲಾರಿಗೆ ಹತ್ತಿಸು ಅಂದೆ. ಹತ್ತಿಸಿದ. ಆದರೆ ಕುರುಗೋಡಿನಿಂದ ರಾರಾವಿಗೆ ಅಂಥ ಯಂತ್ರ ಹೊತ್ತ ಲಾರಿ ಹಾರಿ ಬರುವುದಿಲ್ಲವಲ್ಲ.

ಹೊತ್ತು ಇಳಿಯುವ ಮುಂಚೆ ಗಾಳಿ ಎದ್ದಿತು. ಮೊದಲು ದೂಳು, ಆಮೇಲೆ ದೊಡ್ಡ ದೊಡ್ಡ ಹನಿ, ಆಮೇಲೆ ಅಡ್ಡಮಳೆ. ಬೇವಿನ ಮರದ ಕೆಳಗೆ ನಾನು, ಹುಸೇನಸಾಬರು, ತಿಮ್ಮಪ್ಪ ಒತ್ತೊತ್ತಾಗಿ ನಿಂತೆವು. ಈರಮ್ಮ ಮರದ ಕೆಳಗೆ ಬರಲಿಲ್ಲ. ನಮ್ಮ ಕಣ್ಣೆದುರಿಗೇ ಭತ್ತ ಒಂದು ಮೂಲೆಯಿಂದ ಮಲಗುತ್ತಾ ಬಂತು. ಮಳೆ ಬಹಳ ಹೊತ್ತು ಬರಲಿಲ್ಲ, ಆದರೆ ಬಂದಷ್ಟೇ ಸಾಕಾಗಿತ್ತು. ಹೊಲದ ಅರ್ಧಕ್ಕಿಂತ ಹೆಚ್ಚು ನೆಲಕ್ಕೆ ಒರಗಿತ್ತು.

ಆ ರಾತ್ರಿ ಸಿರುಗುಪ್ಪದಲ್ಲಿ ಹುಸೇನಸಾಬರ ಮನೆಯಲ್ಲಿ ಉಳಿದೆ. ಅವರ ಹೆಂಡತಿ ಒತ್ತಾಯ ಮಾಡಿ ಬಡಿಸಿದರು, ಏನು ಉಂಡೆನೋ ನೆನಪಿಲ್ಲ. ಬೆಳಿಗ್ಗೆ ಹೋಗುವಷ್ಟರಲ್ಲಿ ಲಾರಿ ಊರ ಹೊರಗೆ ನಿಂತಿತ್ತು. ನೀರು ಇಂಗಲೆಂದು ಬಿಸಿಲು ಏರುವವರೆಗೆ ಕಾದು ಯಂತ್ರವನ್ನು ಇಳಿಸಿದರು. ಮಲಗಿದ ಬೆಳೆಯನ್ನು ಕೊಯ್ಯುವುದು ನಿಂತ ಬೆಳೆಯನ್ನು ಕೊಯ್ದಂತಲ್ಲ. ಒಂದೇ ದಿಕ್ಕಿನಿಂದ ಹೋಗಬೇಕು, ಬಾಚಿ ಬಾಚಿ ಎತ್ತಬೇಕು, ಒಂದಿಷ್ಟು ಕಾಳು ಮಣ್ಣಿನ ಪಾಲು. ಹುಸೇನಸಾಬರು ತಾವೇ ಯಂತ್ರದ ಮುಂದೆ ನಡೆಯುತ್ತಾ ಕೈಸನ್ನೆ ಮಾಡುತ್ತಿದ್ದರು. ಹಸಿ ಹುಲ್ಲು, ಕೆಸರು, ಡೀಸೆಲ್ಲಿನ ವಾಸನೆ ಒಂದಕ್ಕೊಂದು ಬೆರೆತಿತ್ತು.

ತಿಮ್ಮಪ್ಪ ಬೀಡಿ ಎಸೆದು ಬದುವಿಗೆ ಬಂದ. ಇಬ್ಬರು ಹಿರಿಯರೂ ನೋಡಲೆಂದು ಬಂದಿದ್ದರು, ಅವರಿಗೆ ಕೇಳಲೆಂದೇ ಗಟ್ಟಿಯಾಗಿ ಅಂದ, “ಎರಡನೇ ಬೆಳಿ ನೆಲಕ್ಕ ಬಿತ್ತಲ್ಲ ಅತ್ತಿಗಿ.”

ಈರಮ್ಮ ಅವನ ಕಡೆ ತಿರುಗಲಿಲ್ಲ. “ಬಿತ್ತು” ಅಂದಳು. “ಬಿದ್ದಿದ್ದನ್ನ ನಾನ ಎತ್ತಿಸಾಕತ್ತೀನಿ, ನೋಡಾಕತ್ತೀಯಲ್ಲ.”

ಹಿರಿಯರಲ್ಲೊಬ್ಬರು ಹೂಂ ಅಂದರು. ಅಷ್ಟೇ. ಅದು ಯಾವ ಮಾತಿಗೆ ಹೂಂ ಎಂದು ತಿಮ್ಮಪ್ಪ ಕೇಳಲಿಲ್ಲ. ಕಾಳಿನ ಬಣ್ಣ ಕೆಟ್ಟಿದ್ದರಿಂದ ಈರಮ್ಮನಿಗೆ ಆ ವರ್ಷ ಹೇಳಿಕೊಳ್ಳುವಂಥ ದರ ಸಿಗಲಿಲ್ಲ. ಹೊಲ ಮಾತ್ರ ಆಕೆಯ ಕೈಯಲ್ಲೇ ಉಳಿಯಿತು. ಹೊಲ ಉಳಿದದ್ದು ಆಕೆಯಿಂದ, ಬೆಳೆ ಮಲಗಿದ್ದು ನಮ್ಮಿಂದ.

ಬಳ್ಳಾರಿಗೆ ಬಂದವಳೇ ಕೈಕಾಲು ತೊಳೆಯದೆ ಆಫೀಸಿಗೆ ಹೋದೆ. ರಾವ್ ಮತ್ತೆ ಆ ಹಸಿರು ವೃತ್ತವನ್ನು ತೆರೆದು, ಒಂದು ಕರೆಯೂ ತಪ್ಪಿಲ್ಲವಲ್ಲ ಸುಧಮ್ಮಾ, ಎಲ್ಲಾ ಎತ್ತಿದೆ ಅಂದರು. ಅವರ ಮುಂದೆ ಎಂದೂ ದನಿ ಏರಿಸಿರಲಿಲ್ಲ, ಅಂದು ಏರಿಸಿದೆ.

“ಎತ್ತಿದ್ದು ಖರೇ ರಾವ್ ಗಾರೂ. ಕೇಳಿಸಿಕೊಂಡವರು ಯಾರು?”

ಅವರು ಮೊಬೈಲನ್ನು ಬೋರಲು ಹಾಕಿ ಇಟ್ಟರು. ಕಿರಣ್‌ಗೆ ಫೋನ್ ಮಾಡಿ ಬರಹೇಳಿದರು. ಆ ದನಿ ಇಲ್ಲದೆ ವ್ಯವಸ್ಥೆ ಪೂರ್ತಿಯಾಗುವುದಿಲ್ಲ ಮೇಡಂ ಎಂದು ಕಿರಣ್ ಮೊದಲು ನಗುತ್ತಾ ಹೇಳಿದರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಕೊನೆಗೆ, ಯಾರು ಫೋನ್ ಮಾಡಿದರೂ ಮೊದಲು ನನ್ನ ಮೇಜಿಗೇ ಬರಬೇಕು, ನಾನು ಎತ್ತದಿದ್ದರೆ ಮಾತ್ರ ಆ ದನಿ ಬರಬೇಕು ಎಂದಾಯಿತು. ಅದನ್ನೂ ಹೊಸದಾಗಿ ಹೇಳುತ್ತೇನೆ ಅಂದೆ. ಫ್ಯಾನ್ ಆರಿಸಿ ಮತ್ತೆ ಆ ಕೋಣೆಯಲ್ಲಿ ಕೂತೆ. ಇದು ಸುಧಾ ಅಲ್ಲ, ಯಂತ್ರ, ಇದಕ್ಕೆ ಏನೂ ಹೇಳಬೇಡಿ, ಹೇಳಿದರೆ ಯಾರಿಗೂ ಕೇಳುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ, ಅಂದೆ. ಯಾವ ಕಂಪನಿಯೂ ಹೀಗೆ ಹೇಳುವುದಿಲ್ಲ ಎಂದು ಕಿರಣ್ ಸಂಕಟಪಟ್ಟರು. ನಾವು ಹೇಳುತ್ತೇವೆ ಅಂದೆ. ಇವತ್ತಿಗೂ ಅದೇ ಇದೆ.

ದೀಪಾವಳಿ ಕಳೆದು ಮುಂದಿನ ಸುಗ್ಗಿ ಬಂತು. ನನ್ನ ಕಿವಿ ಮತ್ತೆ ಬಿಸಿಯಾಗತೊಡಗಿತ್ತು, ಊಟದ ಡಬ್ಬಿ ಮತ್ತೆ ಆರತೊಡಗಿತ್ತು. ಒಂದು ಬೆಳಿಗ್ಗೆ ಮೆಟ್ಟಿಲಿನ ಮೇಲೆ ನಿಧಾನವಾಗಿ ಯಾರೋ ಹತ್ತಿ ಬರುವ ಸದ್ದಾಯಿತು. ಈರಮ್ಮ. ರಾರಾವಿಯಿಂದ ಸಿರುಗುಪ್ಪಕ್ಕೆ ಒಂದು ಬಸ್ಸು, ಸಿರುಗುಪ್ಪದಿಂದ ಬಳ್ಳಾರಿಗೆ ಇನ್ನೊಂದು, ಅಲ್ಲಿಂದ ಬ್ರೂಸ್‌ಪೇಟೆಯ ಸಂದಿಗಳಲ್ಲಿ ಕೇಳಿಕೊಂಡು ಕೇಳಿಕೊಂಡು ಬಂದಿದ್ದಳು. ಕುರ್ಚಿ ಎಳೆದು ಕೂಡಿಸಿ ನೀರು ಕೊಟ್ಟೆ. ಕುಡಿದು, ಚೊಂಬು ಕೆಳಗಿಟ್ಟು, ಮೇಜಿನ ಮೇಲಿನ ಫೋನನ್ನು ಒಂದು ಸಲ ನೋಡಿದಳು.

“ಒಂದು ಫೋನ್ ಮಾಡಿದ್ರ ಆಗ್ತಿತ್ತಲ್ರಿ. ಈಗ ನಾನ ಎತ್ತತೀನಿ” ಅಂದೆ.

“ಇರಲಿ” ಅಂದಳು. ಸಿಟ್ಟಿನಿಂದಲ್ಲ. “ಸೋಮವಾರ ಮಿಷನ್ ಬೇಕು ಸುಧಕ್ಕಾ.”

“ಕಳಿಸ್ತೀನ್ರಿ.”

ಆಕೆ ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು.

“ಇನ್ನೊಮ್ಮಿ ಅನ್ನು.”

“ಸೋಮವಾರ ಮಿಷನ್ ಕಳಿಸ್ತೀನ್ರಿ, ಈರಮ್ಮಾರ” ಅಂದೆ.

ಚಹಾ ತರಿಸುತ್ತೇನೆ ಅಂದರೂ ನಿಲ್ಲಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು, ಸಿರುಗುಪ್ಪದ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದಳು.